ನಿಮಗಿದು ಗೊತ್ತೆ? ಮನೆ ಕಂದಾಯದಲ್ಲಿ ಗ್ರಂಥಾಲಯದ ಪಾಲು

ಕರ್ನಾಟಕದ ನಗರಗಳಲ್ಲಿ ಆಸ್ತಿ ತೆರಿಗೆ ಕಟ್ಟುವವರು ಅದರ ಜತೆಗೆ ಕೆಲವು ಕರಗಳನ್ನೂ ಕಟ್ಟುತ್ತಾರೆ: ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. ತೆರಿಗೆ 5,000 ರೂಪಾಯಿ ಆದರೆ ಈ ಮೂರೇ 1,200 ರೂಪಾಯಿ. ಅದರಲ್ಲಿ 300 ರೂಪಾಯಿ ಗ್ರಂಥಾಲಯಕ್ಕೆ. ಗ್ರಂಥಾಲಯ ಮತ್ತು ಭಿಕ್ಷುಕರ ಕರದ ಹಣ ಪಾಲಿಕೆಯದಲ್ಲ, ಪಾಲಿಕೆ ಬರೀ ವಸೂಲಿದಾರ. ಗ್ರಂಥಾಲಯ ಕರಕ್ಕೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಧಾರ, ಭಿಕ್ಷುಕರ ಕರಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ.

ಹೀಗೆ ಒಂದೇ ಉದ್ದೇಶಕ್ಕೆ ಮೀಸಲಿಟ್ಟ ಹಣ ಸ್ಥಳೀಯ ಸಂಸ್ಥೆಯ ಕೈ ಕಟ್ಟಿಹಾಕುತ್ತದೆ, ಚರಂಡಿ ಒಡೆದಿರುವ ಊರಿಗೆ ಕಾದಂಬರಿ ಯಾಕೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಚರಂಡಿಗೆ ಒತ್ತಾಯಿಸಲು ವಾರ್ಡಿನ ಮತದಾರರೆಲ್ಲ ಇದ್ದಾರೆ. ವಾಚನಾಲಯದ ಮೂಲೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯ ಪರ ಗದ್ದಲ ಮಾಡುವವರು ಕಡಿಮೆ. ಎಲ್ಲವನ್ನೂ ಒಂದೇ ಹುಂಡಿಗೆ ಹಾಕಿದರೆ ಪ್ರತಿ ಬಜೆಟ್‌ನಲ್ಲೂ ಸೋಲುವುದು ಅವಳೇ. ಮೀಸಲು ಕರದ ನಿಜವಾದ ದೋಷ ಬೇರೆ ಕಡೆ ಇದೆ: ವಸೂಲಾದ ಕರವನ್ನು ಸಂಬಂಧಪಟ್ಟ ಇಲಾಖೆಗೆ ದಾಟಿಸದೆ ಸಂಸ್ಥೆಗಳು ತಮ್ಮಲ್ಲೇ ಇಟ್ಟುಕೊಂಡಿರುವುದನ್ನು ಲೆಕ್ಕಪರಿಶೋಧನೆಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ. ಇದು ಕರದ ತಪ್ಪಲ್ಲ, ಕೊಡದವರ ತಪ್ಪು. ಈ ಸಲ ಕಂದಾಯ ಕಟ್ಟಿದಾಗ ರಸೀದಿಯಲ್ಲಿ ಕರದ ಸಾಲನ್ನು ಓದಿ. ಆ ಹಣ ಗ್ರಂಥಾಲಯಕ್ಕೆ ತಲುಪಿತೇ ಎಂದು ನಿಮ್ಮ ಪಾಲಿಕೆಯನ್ನು ಕೇಳಿ.