ಹತರ ಹೆಸರು ಮತ್ತು ವಿಶ್ವಕೋಶ

ವಿಶ್ವಕೋಶದಲ್ಲಿ ವ್ಯಕ್ತಿಗಳ ಜೀವನಕ್ಕೆ ಸ್ಥಾನವಿರಬೇಕೆ ಎಂಬ ಪ್ರಶ್ನೆಯೇ ಒಂದು ಕಾಲದಲ್ಲಿ ವಿವಾದಕ್ಕೆ ಎಡೆಮಾಡಿತ್ತೆಂದರೆ ಈಗ ನಂಬುವುದು ಕಷ್ಟ. 1768ರಲ್ಲಿ ಎಡಿನ್‌ಬರೊ ನಗರದಿಂದ ಕಂತುಕಂತಾಗಿ ಹೊರಬರತೊಡಗಿದ ಎನ್‌ಸೈಕ್ಲೊಪೀಡಿಯ ಬ್ರಿಟಾನಿಕದ ಮೊದಲ ಆವೃತ್ತಿಯಲ್ಲಿ ಜೀವನಚರಿತ್ರೆಗಳಿರಲಿಲ್ಲ. ಎರಡನೆಯ ಆವೃತ್ತಿಗೆ ಅವನ್ನು ಸೇರಿಸಬೇಕೆಂಬ ಮಾತು ಬಂದಾಗ ಮೊದಲ ಸಂಪಾದಕನಾದ ವಿಲಿಯಂ ಸ್ಮೆಲಿ ಆ ಹೊಣೆಯನ್ನೇ ಒಲ್ಲೆನೆಂದ. ಕಲೆ ವಿಜ್ಞಾನಗಳ ಕೋಶದಲ್ಲಿ ಮನುಷ್ಯರ ಬಾಳಿನ ಕಥೆಗೇನು ಕೆಲಸ ಎಂಬುದು ಅವನ ನಿಲುವು. ಸ್ಮೆಲಿ ಸೋತ. ಅಲ್ಲಿಂದೀಚೆಗೆ ದೊರೆಗಳೂ ಕವಿಗಳೂ ವಿಜ್ಞಾನಿಗಳೂ ವಿಶ್ವಕೋಶದ ಖಾಯಂ ನಿವಾಸಿಗಳಾದರು.

ಈಗ ಎದ್ದಿರುವ ಪ್ರಶ್ನೆ ಬೇರೆ ಬಗೆಯದು. ತಾನಾಗಿ ಏನನ್ನೂ ಸಾಧಿಸಿ ಹೆಸರಾಗದ, ಸಾಧಾರಣವಾಗಿ ಬದುಕುತ್ತಿದ್ದ ಒಬ್ಬ ವ್ಯಕ್ತಿ ಒಂದು ದಿನ ಕ್ರೂರವಾದ ಹಲ್ಲೆಗೆ ಗುರಿಯಾಗುತ್ತಾನೆ ಅಥವಾ ಗುರಿಯಾಗುತ್ತಾಳೆ. ಪತ್ರಿಕೆಗಳು ವಾರಗಟ್ಟಲೆ ಬರೆಯುತ್ತವೆ. ಆ ಹೆಸರು ದೇಶಕ್ಕೆಲ್ಲ ಪರಿಚಿತವಾಗುತ್ತದೆ. ಅಷ್ಟರಿಂದಲೇ ಆ ವ್ಯಕ್ತಿಗೆ ವಿಶ್ವಕೋಶದಲ್ಲಿ ಪ್ರತ್ಯೇಕ ಲೇಖನ ಸಲ್ಲಬೇಕೆ?

ಕೆಲವು ಪ್ರಸಂಗಗಳಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡೇಟಿಗೆ ಬಲಿಯಾದ ಎಂ. ಎಂ. ಕಲಬುರ್ಗಿಯವರು ಹತರಾದರೆಂಬ ಕಾರಣಕ್ಕೆ ಕೋಶಕ್ಕೆ ಬರುವವರಲ್ಲ. ಶಾಸನ, ವಚನ ಸಾಹಿತ್ಯಗಳ ಸಂಶೋಧಕರಾಗಿ ಅವರ ಸ್ಥಾನ ಅದಕ್ಕೆ ಮೊದಲೇ ನಿಶ್ಚಿತವಾಗಿತ್ತು. ತೊಡಕು ಹುಟ್ಟುವುದು ಹಲ್ಲೆಯ ಹೊರತು ಲೋಕಕ್ಕೆ ಬೇರೇನೂ ತಿಳಿಯದವರ ವಿಷಯದಲ್ಲಿ.

ನ್ಯೂಯಾರ್ಕ್ ನಗರದ ಕಿಟಿ ಜೆನೊವೀಸ್ ಎಂಬಾಕೆಯ ಪ್ರಸಂಗವನ್ನು ನೋಡೋಣ. ಇಪ್ಪತ್ತೆಂಟರ ಈ ತರುಣಿ ಒಂದು ಪಾನಗೃಹದ ಮೇಲ್ವಿಚಾರಕಿಯಾಗಿದ್ದಳು. 1964ರ ಮಾರ್ಚ್ 13ರ ನಸುಕಿನಲ್ಲಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಅಪರಿಚಿತನೊಬ್ಬ ಆಕೆಯನ್ನು ಇರಿದು ಕೊಂದ. ಎರಡು ವಾರಗಳ ಅನಂತರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಮೂವತ್ತೆಂಟು ಮಂದಿ ನೆರೆಹೊರೆಯವರು ಅರ್ಧ ಗಂಟೆಗೂ ಮೀರಿ ಈ ಕೊಲೆಯನ್ನು ನೋಡುತ್ತಿದ್ದೂ ಸುಮ್ಮನಿದ್ದರೆಂದು ವರದಿ ಮಾಡಿತು. ಮಹಾನಗರದ ನಿರ್ದಯತೆಗೆ ಆಕೆಯ ಹೆಸರು ಪರ್ಯಾಯಪದವಾಯಿತು. ಡಾರ್ಲಿ ಮತ್ತು ಲಾಟನೆ ಎಂಬ ಇಬ್ಬರು ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗಗಳಿಗೆ ಇದೇ ಪ್ರೇರಣೆ. ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬನೂ ನೆರವಿಗೆ ಧಾವಿಸುವ ಸಂಭವ ಕಡಮೆಯೆಂದು ಅವರು ತೋರಿಸಿದರು. ಕಿಟಿ ಪಠ್ಯಪುಸ್ತಕಗಳನ್ನು ಸೇರಿದಳು.

ಆದರೆ ಮೂಲ ವರದಿಯೇ ಅತಿರಂಜಿತವಾಗಿತ್ತು. ನೆರೆಯವನೊಬ್ಬ ಕಿಟಕಿಯಿಂದ ಕೂಗಿ ಕೊಲೆಗಾರನನ್ನು ಮೊದಲು ಓಡಿಸಿದ್ದ. ಎರಡನೆಯ ಬಾರಿಯ ಇರಿತ ನಡೆದದ್ದು ಹೆಚ್ಚಿನವರ ಕಣ್ಣಿಗೆ ಬೀಳದ ಎಡೆಯಲ್ಲಿ. ನೆರೆಮನೆಯ ಹೆಂಗಸೊಬ್ಬಳು ಇಳಿದುಹೋಗಿ ಸಾಯುತ್ತಿದ್ದವಳನ್ನು ತೋಳಿನಲ್ಲಿ ಹಿಡಿದುಕೊಂಡಿದ್ದಳು. ಮೊದಲ ವರದಿಯಲ್ಲಿ ದೋಷವಿತ್ತೆಂದು ಆ ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿತು. ಅರ್ಧ ಶತಮಾನ ಕಿಟಿಯ ಹೆಸರಿನಡಿ ಓದುಗರಿಗೆ ದೊರೆತದ್ದು ಕಿಟಿಯ ಬಾಳಲ್ಲ. ಮೂವತ್ತೆಂಟು ಜನ ಅನ್ಯರ ಕಥೆ, ಅದೂ ಬಹುಮಟ್ಟಿಗೆ ಸುಳ್ಳು. ಅಕ್ಕ ಹೇಗೆ ಬದುಕಿದ್ದಳೆಂಬುದನ್ನು ಅರಸುತ್ತ ಆಕೆಯ ತಮ್ಮ ವರ್ಷಗಟ್ಟಲೆ ಅಲೆಯಬೇಕಾಯಿತು. 2015ರ ಸಾಕ್ಷ್ಯಚಿತ್ರವೊಂದು ಆ ಅರಸಾಟದ ಫಲ.

ನಮ್ಮ ನೆಲಕ್ಕೆ ಸೇರಿದ ಪ್ರಸಂಗ ಇನ್ನೂ ದಾರುಣವಾದದ್ದು. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಜಾಡಮಾಲಿಯೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ಹರಿಯದೆ ಅವರು ಮತ್ತೆ ಎಚ್ಚರದ ಬದುಕಿಗೆ ಮರಳಲಿಲ್ಲ. ಅತ್ಯಾಚಾರದ ಆರೋಪವನ್ನು ಹೊರಿಸಲೇ ಇಲ್ಲ. ಹಲ್ಲೆ ಮತ್ತು ದರೋಡೆಗಾಗಿ ಅಪರಾಧಿ ಏಳು ವರ್ಷ ಸೆರೆಯಲ್ಲಿದ್ದು ಹೊರಬಂದ. ಅರುಣಾ 2015ರ ಮೇ 18ರವರೆಗೆ, ಸುಮಾರು ನಲವತ್ತೆರಡು ವರ್ಷ, ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಒಂದು ಪೀಳಿಗೆಯ ದಾದಿಯರು ನಿವೃತ್ತರಾಗಿ ಮುಂದಿನ ಪೀಳಿಗೆಯವರು ಬಂದರು, ಶುಶ್ರೂಷೆ ನಿಲ್ಲಲಿಲ್ಲ. ಅವರಿಗೆ ದಯಾಮರಣ ನೀಡಬೇಕೆಂದು ಲೇಖಕಿ ಪಿಂಕಿ ವಿರಾನಿಯವರು ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತಾದರೂ, ಉಚ್ಚ ನ್ಯಾಯಾಲಯದ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದು ಮೊದಲ ಬಾರಿಗೆ ವಿಧಿಸಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತತ್ತ್ವವನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಇಲ್ಲಿ ಯಾರ ಸಾಧನೆಗೆ ಲೇಖನ? ಅರುಣಾ ಅವರ ಎಚ್ಚರದ ಬದುಕಿನ ಇಪ್ಪತ್ತೈದು ವರ್ಷಗಳ ಬಗೆಗೆ ವಿಶ್ವಕೋಶಕ್ಕೆ ಹೇಳಲಿರುವುದು ನಾಲ್ಕು ವಾಕ್ಯ. ಉಳಿದುದೆಲ್ಲ ಪರರು ಮಾಡಿದ್ದು: ಅಪರಾಧಿ, ದಾದಿಯರು, ನ್ಯಾಯಾಧೀಶರು. ಆದರೂ ದೇಶದ ಕಾನೂನಿನ ಒಂದು ಅಧ್ಯಾಯ ಅವರ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಹೆಸರು ಹೇಳುವುದೇ ಕೇಡಾಗಬಹುದೆಂಬ ಇನ್ನೊಂದು ಮಗ್ಗುಲೂ ಉಂಟು. ಅತ್ಯಾಚಾರಕ್ಕೆ ತುತ್ತಾದವರ ಗುರುತನ್ನು ಪ್ರಕಟಿಸಬಾರದೆಂಬ ವಿಧಿ ನಮ್ಮ ದಂಡಸಂಹಿತೆಗೆ ಸೇರಿದ್ದು 1983ರಲ್ಲಿ. 2024ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ಹತಳಾದ ತರುಣ ವೈದ್ಯೆಯ ಹೆಸರನ್ನೂ ಚಿತ್ರವನ್ನೂ ತೆಗೆದುಹಾಕುವಂತೆ ಮರುತಿಂಗಳು ಸರ್ವೋಚ್ಚ ನ್ಯಾಯಾಲಯ ವಿಕಿಪೀಡಿಯಕ್ಕೆ ಆದೇಶಿಸಿತು. ಪತ್ರಿಕೆ ನಾಳೆಗೆ ರದ್ದಿಯಾಗುತ್ತದೆ. ಕೋಶ ಉಳಿಯುತ್ತದೆ, ಮತ್ತು ಆ ಮನೆಯವರು ಅದನ್ನು ಓದುತ್ತಲೇ ಇರಬೇಕಾಗುತ್ತದೆ.

ಹಾಗೆಂದು ಹೆಸರನ್ನು ಕೈಬಿಟ್ಟರೆ ಉಳಿಯುವವನು ಯಾರು? ಕ್ರಿ. ಪೂ. 356ರಲ್ಲಿ ಎಫೆಸಸ್ಸಿನ ಆರ್ಟೆಮಿಸ್ ದೇಗುಲಕ್ಕೆ ಕೀರ್ತಿಗಾಗಿ ಬೆಂಕಿಯಿಟ್ಟ ಹೆರೊಸ್ಟ್ರಾಟಸನ ಹೆಸರನ್ನು ಯಾರೂ ಎತ್ತಕೂಡದೆಂದು ಊರವರು ಕಟ್ಟುಮಾಡಿದರು. ಇತಿಹಾಸಕಾರನೊಬ್ಬ ಬರೆದಿಟ್ಟ, ಇಂದಿಗೂ ಅವನು ಕೋಶಗಳಲ್ಲಿ ಹಾಯಾಗಿದ್ದಾನೆ. ಕೊಂದವನಿಗೆ ಪುಟ, ಸತ್ತವರಿಗೆ ಒಂದು ಅಂಕಿ ಎಂಬ ವ್ಯವಸ್ಥೆ ನನಗಂತೂ ಸಹ್ಯವಲ್ಲ.

ನಮ್ಮ ಹಿಂದಿನವರು ಇದನ್ನು ಹೇಗೆ ಬಗೆಹರಿಸಿದ್ದರು? ಬೇಗೂರಿನಲ್ಲಿ ದೊರೆತ, ಕ್ರಿ. ಶ. ಸುಮಾರು 900ರ ಶಾಸನ ನಾಗತ್ತರನ ಮಗ ಬೆಂಗಳೂರಿನ ಕಾಳಗದಲ್ಲಿ ಮಡಿದನೆನ್ನುತ್ತದೆ. ಬೆಂಗಳೂರೆಂಬ ಹೆಸರಿನ ಅತಿ ಪ್ರಾಚೀನ ಉಲ್ಲೇಖ ಅದು. ಯಾರು, ಯಾರ ಮಗ, ಯಾವ ಕಾಳಗ: ಅಷ್ಟೆ. ಕಲ್ಲಿನಲ್ಲಿ ಇಲ್ಲದ ಬಾಳನ್ನು ಕಲ್ಪಿಸುವ ಗೊಡವೆಗೆ ಆ ಶಾಸನ ಹೋಗಿಲ್ಲ.

ವಿಕಿಪೀಡಿಯದ ಸಂಪಾದಕರು ಇಂದು ಅನುಸರಿಸುವ ಪದ್ಧತಿ ಇದಕ್ಕೆ ದೂರದ್ದಲ್ಲ. ಒಂದೇ ಘಟನೆಯಿಂದ ಹೆಸರಾದವರಿಗೆ ಸಾಮಾನ್ಯವಾಗಿ ಜೀವನಚರಿತ್ರೆ ಬೇಡ, ಘಟನೆಯ ಕುರಿತು ಲೇಖನವಿರಲಿ, ಹೆಸರು ಅದರೊಳಗೆ ಬರಲಿ ಎಂಬುದು ಅವರ ನಿಯಮ. ನನಗೂ ಇದು ಬಹುಮಟ್ಟಿಗೆ ಒಪ್ಪಿಗೆ. ಒಂದು ಪತ್ರಿಕೆಯ ಮೊದಲ ವಾರದ ವರದಿಗಳನ್ನು ಹೊಲಿದು ಮಾಡಿದ ಜೀವನಚರಿತ್ರೆ ಕಿಟಿಗೆ ಮಾಡಿದಂತಹ ಅನ್ಯಾಯವನ್ನೇ ಮಾಡುತ್ತದೆ. ವರ್ಷಗಳು ಕಳೆದು ನ್ಯಾಯಾಲಯದ ದಾಖಲೆಯೂ ಗಂಭೀರವಾದ ಗ್ರಂಥವೂ ಬಂದ ಮೇಲೆ ಬರೆದರೆ ತಡವಾಯಿತೆಂದು ಯಾರೂ ದೂರುವುದಿಲ್ಲ. ಆದರೆ ಘಟನೆಯ ಲೇಖನದೊಳಗೆ ಸತ್ತವರ ಹೆಸರು, ಕಾನೂನು ತಡೆಯದ ಕಡೆ, ಕೊಂದವನ ಹೆಸರಿಗಿಂತ ಮೊದಲೇ ಬರಬೇಕು. ಅವರ ಊರು ಕಸುಬುಗಳೂ ಬರಬೇಕು.

ನಮ್ಮ ಅಚ್ಚಿನ ಕೋಶಗಳಲ್ಲಿ ‘ನೋಡಿ’ ಎಂಬ ಒಂದು ಹಳೆಯ ಉಪಾಯವುಂಟು. ಅಕಾರದ ಪುಟದಲ್ಲಿ ‘ಅರುಣಾ ಶಾನಭಾಗ’ ಎಂದಿರಲಿ. ಅದರ ಮುಂದೆ ಹಳದೀಪುರದಲ್ಲಿ ಹುಟ್ಟಿದವರು, ಮುಂಬಯಿಯಲ್ಲಿ ದಾದಿ ಎಂಬ ಒಂದು ಸಾಲು. ಅನಂತರ, ನೋಡಿ: ದಯಾಮರಣ.