ನಿಮಗಿದು ಗೊತ್ತೆ? ರೋಗಕ್ಕೆ ಬಗ್ಗದ ಬಿಳಿ ದ್ರಾಕ್ಷಿ

ಡೆನ್ಮಾರ್ಕ್, ಸ್ವೀಡನ್‌ನಂಥ ಚಳಿ ನಾಡುಗಳಲ್ಲೂ ಈಗ ವೈನ್ ತಯಾರಾಗುತ್ತದೆ. ಅದಕ್ಕೆ ದೊಡ್ಡ ಆಸರೆ ‘ಸೋಲಾರಿಸ್’ ಎಂಬ ಮಿಶ್ರತಳಿ ಬಿಳಿ ದ್ರಾಕ್ಷಿ.

● 1975ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಸರ್ಕಾರಿ ದ್ರಾಕ್ಷಿ ಸಂಶೋಧನಾ ಸಂಸ್ಥೆಯಲ್ಲಿ ನಾರ್ಬರ್ಟ್ ಬೆಕರ್ ಇದನ್ನು ಅಭಿವೃದ್ಧಿಪಡಿಸಿದರು.

● ಇದರ ವಂಶದಲ್ಲಿ ರೀಸ್ಲಿಂಗ್, ಮಸ್ಕಟ್‌ನಂಥ ಹೆಸರಾಂತ ತಳಿಗಳ ಜೊತೆಗೆ ರಷ್ಯಾ–ಚೀನಾ ಗಡಿಯ ಅಮೂರ್ ಸೀಮೆಯ ಕಾಡುದ್ರಾಕ್ಷಿಯೂ ಇದೆ. ಬೂಜು ತುಪ್ಪಟ ರೋಗ ತಡೆಯುವ ‘ಆರ್‌ಪಿವಿ10’ ವಂಶವಾಹಿ ಬಂದದ್ದು ಆ ಕಾಡುಬಳ್ಳಿಯಿಂದಲೇ.

● ಬೂಜು ತುಪ್ಪಟದ ರೋಗಾಣು ಎಲೆಯ ತಳಭಾಗದ ಪತ್ರರಂಧ್ರಗಳ ಮೂಲಕ ಒಳನುಗ್ಗುತ್ತದೆ. ಆಗ ಸೋಲಾರಿಸ್ ಎಲೆಯಲ್ಲಿ ಸೋಂಕು ತಗುಲಿದ ಜಾಗದ ಜೀವಕೋಶಗಳು ಬೇಗನೆ ಸಾಯುತ್ತವೆ. ಎಲೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳಷ್ಟೇ ಉಳಿಯುತ್ತವೆ. ಬದುಕಿದ ಜೀವಕೋಶವಿಲ್ಲದೆ ರೋಗಾಣುವಿಗೆ ಆಹಾರ ಸಿಗದು, ರೋಗ ಹಬ್ಬದು.

● ಹಾಗಾಗಿ ಔಷಧಿ ಸಿಂಪಡಣೆ ಬಹಳ ಕಡಿಮೆ ಸಾಕು. ಪೂರ್ತಿ ನಿಲ್ಲಿಸಿದರೆ ರೋಗಾಣು ಹೊಸ ರೂಪ ತಳೆದು ತಿರುಗಿಬೀಳಬಹುದೆಂದು ಬೆಳೆಗಾರರು ಒಂದೆರಡು ಬಾರಿ ಸಿಂಪಡಿಸುವುದುಂಟು.

● ಹಣ್ಣು ಬೇಗ ಮಾಗುತ್ತದೆ, ಸಕ್ಕರೆ ಅಂಶವೂ ಹೆಚ್ಚು. ರೋಗವನ್ನು ತಡೆದರೂ ಕಣಜ, ಹಕ್ಕಿಗಳ ಕಾಟ ತಪ್ಪಿದ್ದಲ್ಲ!

● ಜರ್ಮನಿಯಲ್ಲಿ ಇದರ ಸಾಕಷ್ಟು ಹಣ್ಣು, ಅರ್ಧ ಹುದುಗಿದಾಗಲೇ ಕುಡಿಯುವ ‘ಫೆಡರ್‌ವೈಸರ್’ ಎಂಬ ಹೊಸ ವೈನ್‌ಗೆ ಹೋಗುತ್ತದೆ.