ಮುರೆಯ ಮಗನೋ, ಮೋರಿಯರ ಕುಡಿಯೋ?

ನಂದರ ಆಳ್ವಿಕೆಯನ್ನು ಕೊನೆಗಾಣಿಸಿ, ಕ್ರಿ.ಪೂ. 4ನೆಯ ಶತಮಾನದ ಅಂತ್ಯದ ವೇಳೆಗೆ ಭರತಖಂಡದ ಬಹುಭಾಗವನ್ನು ಏಕಚ್ಛತ್ರದಡಿ ತಂದ ಚಂದ್ರಗುಪ್ತ ಮೌರ್ಯನು ಯಾರ ಮಗ? ಸಿಂಹಾಸನವನ್ನು ತೊರೆದು, ಶ್ರುತಕೇವಲಿ ಭದ್ರಬಾಹು ಸ್ವಾಮಿಗಳನ್ನು ಅನುಸರಿಸಿ ಶ್ರವಣಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನೆಂದು ನಮ್ಮ ಪರಂಪರೆ ಸ್ಮರಿಸುವ ಈ ಮಹಾಪುರುಷನ ಜನ್ಮದ ಕುರಿತ ವಾದ ಇಂದಿಗೂ ಮುಗಿದಿಲ್ಲ.

ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನು ಚಂದ್ರಗುಪ್ತನನ್ನು ‘ವೃಷಲ’ ಎಂದು ಕರೆಯುತ್ತಾನೆ. ಆ ನಾಟಕಕ್ಕೆ 18ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಢುಂಢಿರಾಜನು, ನಂದರಾಜನಿಗೆ ಮುರಾ ಎಂಬ ಶೂದ್ರ ಪತ್ನಿಯಿದ್ದಳೆಂದೂ ಆಕೆಯ ಮಗ ಮೌರ್ಯನ ಪುತ್ರನೇ ಚಂದ್ರಗುಪ್ತನೆಂದೂ ಹೇಳುತ್ತಾನೆ. ವಿಷ್ಣುಪುರಾಣದ ವ್ಯಾಖ್ಯಾನಕಾರರು ಮುರೆಯನ್ನೇ ಚಂದ್ರಗುಪ್ತನ ತಾಯಿಯಾಗಿಸಿದ್ದಾರೆ. ಮೂಲ ಪುರಾಣದಲ್ಲಾದರೋ ಆಕೆಯ ಹೆಸರೇ ಇಲ್ಲ. ಸಿಂಹಳದ ‘ಮಹಾವಂಸ’ವು ಅವನನ್ನು ಮೋರಿಯ ಎಂಬ ಕ್ಷತ್ರಿಯ ಕುಲದವನೆನ್ನುತ್ತದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಪರಿಶಿಷ್ಟಪರ್ವ’ದಲ್ಲಿ ಅವನು ನವಿಲು ಸಾಕುವವರ ಊರಿನ ಮುಖ್ಯಸ್ಥನ ಮಗಳ ಮಗ. ಲ್ಯಾಟಿನ್ ಇತಿಹಾಸಕಾರ ಜಸ್ಟಿನ್ ಸಾಮಾನ್ಯ ಮನೆತನದಲ್ಲಿ ಹುಟ್ಟಿದವನೆಂದಷ್ಟೇ ಹೇಳಿ ಸುಮ್ಮನಾಗುತ್ತಾನೆ.

ವ್ಯಾಕರಣದ ದೃಷ್ಟಿಯಿಂದಲೂ ಮುರೆಯ ಕಥೆ ಗಟ್ಟಿಯಾಗಿ ನಿಲ್ಲುವುದಿಲ್ಲ. ವಿನತೆಯ ಮಗ ವೈನತೇಯ, ರಾಧೆಯ ಮಗ ರಾಧೇಯನಾಗುವಂತೆ ಮುರೆಯ ಮಗ ‘ಮೌರೇಯ’ನಾಗಬೇಕಿತ್ತು, ‘ಮೌರ್ಯ’ನಾಗುವುದಿಲ್ಲ. ಆದ್ದರಿಂದಲೇ ಅನೇಕ ವಿದ್ವಾಂಸರು ಮೋರಿಯ ಕುಲದ ಪಕ್ಷವನ್ನು ಒಪ್ಪುತ್ತಾರೆ. ಇತಿಹಾಸದ ವಿದ್ಯಾರ್ಥಿ ಇಂತಹ ಪ್ರಶ್ನೆಗಳನ್ನು ಕೇಳಲೇಬೇಕು, ಅದರಲ್ಲಿ ದೋಷವಿಲ್ಲ. ಆದರೆ ಈ ವಾದದ ಒಳಗೆ ಇನ್ನೊಂದು ಪ್ರಶ್ನೆ ಅಡಗಿ ಕುಳಿತಿದೆ. ತಾಯಿ ದಾಸಿಯಾಗಿದ್ದರೆ ಅವನ ಹಿರಿಮೆ ಕುಗ್ಗೀತೆಂಬ ಅಳುಕು ಕೆಲವರಿಗೆ. ಕ್ಷತ್ರಿಯನೆಂದು ಸಿದ್ಧವಾದರೆ ಮಾತ್ರ ಸಮಾಧಾನ ಇನ್ನು ಕೆಲವರಿಗೆ. ಧರ್ಮವು ವಿಚಾರಣೆಗೆ ಎಳೆಯುವುದು ಈ ಅಳುಕನ್ನು ಮತ್ತು ಈ ಸಮಾಧಾನವನ್ನು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಮ್ಯಗ್ದರ್ಶನವನ್ನು ಮಲಿನಗೊಳಿಸುವ ಎಂಟು ಮದಗಳನ್ನು ಎಣಿಸುತ್ತದೆ. ಅವುಗಳಲ್ಲಿ ಕುಲಮದ, ಜಾತಿಮದ ಎಂದು ಎರಡು ಬೇರೆ ಬೇರೆ ಇವೆ. ತಂದೆಯ ವಂಶ ಕುಲ, ತಾಯಿಯ ವಂಶ ಜಾತಿ ಎಂಬುದು ಶಾಸ್ತ್ರದ ವಿವರಣೆ. ತಂದೆಯ ಕಡೆಯಿಂದ ಬಂದ ಹೆಮ್ಮೆಯೂ ಮಲವೇ, ತಾಯಿಯ ಕಡೆಯಿಂದ ಬಂದ ಹೆಮ್ಮೆಯೂ ಮಲವೇ. ಮಾತಂಗನ ಮನೆಯಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವುಳ್ಳವನಾದರೆ ಪೂಜ್ಯನೆಂದೂ, ಅವನು ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ವಿಯೆಂದೂ ಅದೇ ಗ್ರಂಥ ಸಾರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಷ್ಟಕರ್ಮಗಳಲ್ಲಿ ಗೋತ್ರಕರ್ಮವೂ ಒಂದಲ್ಲವೆ? ಅದರಲ್ಲಿ ಉಚ್ಚ, ನೀಚ ಎಂಬ ಭೇದ ಇಲ್ಲವೆ? ಇದೆ. ಆದರೆ ಗೋತ್ರವು ಅಘಾತಿ ಕರ್ಮ. ಆತ್ಮದ ಜ್ಞಾನ, ದರ್ಶನ ಮೊದಲಾದ ಸಹಜ ಗುಣಗಳನ್ನು ಘಾತಿಸುವ ಶಕ್ತಿ ಅದಕ್ಕಿಲ್ಲ. ಇನ್ನು, ನೀಚಗೋತ್ರದ ಬಂಧಕ್ಕೆ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯ ಹೇಳುವ ಕಾರಣಗಳನ್ನು ಗಮನಿಸಬೇಕು: ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚಿ ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು. ವಿನಯವೂ ನಿರಹಂಕಾರವೂ ಉಚ್ಚಗೋತ್ರಕ್ಕೆ ಕಾರಣ. ಇನ್ನೊಬ್ಬರ ಹುಟ್ಟನ್ನು ಹೀಗಳೆಯುವ ನಾಲಿಗೆ ತನ್ನ ಮುಂದಿನ ಹುಟ್ಟನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ.

ಚಂದ್ರಗಿರಿಯ ಶಿಲೆಗಳು ಇದಕ್ಕೆ ಸಾಕ್ಷಿ ನುಡಿಯುತ್ತವೆ. ಅಲ್ಲಿನ 7ನೆಯ ಶತಮಾನದ ಒಂದು ಶಾಸನ ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರರನ್ನು ಜೊತೆಯಾಗಿ ಸ್ಮರಿಸುತ್ತದೆ. ಈ ಮುನಿಯೇ ಮೌರ್ಯ ಸಾಮ್ರಾಟನೆಂಬುದು ನಮ್ಮ ಪರಂಪರೆಯ ನಂಬಿಕೆ. ಇತಿಹಾಸಕಾರರಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಶಿಲ್ಪಿ ದಾಸೋಜನು ಕೆತ್ತಿದ ಚಿತ್ರಾವಳಿಯೂ ಈ ಗುರು-ಶಿಷ್ಯರ ಕಥೆಯನ್ನೇ ನಿರೂಪಿಸುತ್ತದೆ. ಶ್ರವಣಬೆಳಗೊಳದ ಶಾಸನಗಳು ಮುನಿಗಳನ್ನು ಗುರುತಿಸುವುದು ಸಂಘ, ಗಣ, ಗಚ್ಛ, ಅನ್ವಯಗಳಿಂದ. ದೀಕ್ಷೆಯ ನಂತರ ಗುರುವೇ ವಂಶ, ವ್ರತವೇ ಗೋತ್ರ.

ನಮ್ಮ ಕೊಡ್ಲಿಪೇಟೆಯ ಸೀಮೆಯಲ್ಲಿಯೂ ಇದರ ನಿದರ್ಶನವಿದೆ. ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, 11ನೆಯ ಶತಮಾನದ ಬಸದಿಗಳಿವೆ. ಅಲ್ಲಿನ ಶಾಸನಗಳು ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯನ್ನು ಗುರು ಗುಣಸೇನ ಪಂಡಿತರ ಭಕ್ತೆಯಾಗಿ ನೆನೆಯುತ್ತವೆ. ಶತಮಾನಗಳನ್ನು ದಾಟಿ ಬರುತ್ತಿರುವ ಆ ತಾಯಿಯ ಕೀರ್ತಿ ಆಕೆಯ ಶ್ರದ್ಧೆಯಿಂದ ಬಂದದ್ದು.

ಆದರೆ ನಾವು? ಚಂದ್ರಗಿರಿಯ ಮೆಟ್ಟಿಲೇರಿ ಕೈಮುಗಿದು ಬಂದ ಮರುದಿನವೇ ವಧೂವರರ ಮಾತುಕತೆಯಲ್ಲಿ ಹುಡುಗಿಯ ತಾಯಿಯ ತವರಿನ ಬಗ್ಗೆ ಪಿಸುಗುಡುತ್ತೇವೆ. ತಂದೆಯ ಹೆಸರು ಹೇಳಲಾಗದ ಮಗುವಿನ ಮುಂದೆಯೇ ಅದರ ಹುಟ್ಟಿನ ಲೆಕ್ಕ ತೆಗೆಯುತ್ತೇವೆ. ಶಾಲೆಯ ದಾಖಲಾತಿಯ ದಿನ ‘ನಿನ್ನ ಅಪ್ಪ ಯಾರು?’ ಎಂಬ ಪ್ರಶ್ನೆಗೆ ಮಗುವೊಂದು ತಲೆ ತಗ್ಗಿಸುವುದನ್ನು ಕಾಣದ ಉಪಾಧ್ಯಾಯರು ವಿರಳ. ಆ ಮಗು ಯಾವ ತಪ್ಪನ್ನೂ ಮಾಡಿಲ್ಲ. ಅದಕ್ಕೆ ನೋವುಂಟುಮಾಡುವ ಮಾತು ಭಾವಹಿಂಸೆಯೆಂದು ಅಹಿಂಸಾಣುವ್ರತ ಧರಿಸಿದ ಶ್ರಾವಕನಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಚಂದ್ರಗುಪ್ತನು ಮುರೆಯ ವಂಶದವನೋ, ಮೋರಿಯರ ಕುಡಿಯೋ, ನವಿಲು ಸಾಕುವವರ ದೌಹಿತ್ರನೋ ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ಅವನು ಏನನ್ನು ಪಡೆದು ಹುಟ್ಟಿದನೆಂಬುದಕ್ಕಿಂತ ಏನನ್ನು ತೊರೆದು ನಡೆದನೆಂಬುದೇ ಶ್ರಾವಕನಿಗೆ ಪಾಠ. ಸಾಮ್ರಾಜ್ಯವನ್ನೇ ಬಿಟ್ಟವನನ್ನು ಸ್ಮರಿಸುವ ನಾವು, ಕುಲದ ಹೆಮ್ಮೆಯೊಂದನ್ನಾದರೂ ಬಿಡಬಾರದೆ?